ಸಣ್ಣ ರಿಪೇರಿ

"ನಿಮ್ಮ ಅತ್ತೇದು ಎಷ್ಟು ದೊಡ್ಡದಿದೆ?" ಎಂದು ಗುಂಡಿ ಕೇಳಿದಳು.

ಪಕ್ಕದಲ್ಲಿ ಕೂತಿದ್ದ ಕನ್ನಡಕದ ಹುಡುಗ ಆ ಕಡೆ ಈ ಕಡೆ ನೋಡಿದ. ಆಸ್ಪತ್ರೆಯ ಹಜಾರದ ತುಂಬ ಜನ. ದೊಡ್ಡವರೆಲ್ಲ ಫೈಲುಗಳನ್ನು ಎದೆಗೆ ಅವುಚಿಕೊಂಡು, ಯಾವಾಗ ತಮ್ಮ ಹೆಸರು ಕರೆಯುತ್ತಾರೋ ಎಂದು ಡಾಕ್ಟರ ಬಾಗಿಲನ್ನೇ ನೋಡುತ್ತಿದ್ದರು. ಮಕ್ಕಳ ಮಾತು ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಹುಡುಗ ಮುಷ್ಟಿ ಕಟ್ಟಿ ತೋರಿಸಿದ. "ಇಷ್ಟು. ನನ್ನ ಮುಷ್ಟಿ ಅಲ್ಲ, ನಮ್ಮಪ್ಪನ ಮುಷ್ಟಿಯಷ್ಟು."

"ಅಷ್ಟು ದೊಡ್ಡ ಗಡ್ಡೆ ಲಿವರ್ ಒಳಗೆ ಹೇಗೆ ಹಿಡಿಸುತ್ತೆ?"

"ನನಗೇನು ಗೊತ್ತು? ನಾನೇನು ಒಳಗೆ ಹೋಗಿ ನೋಡ್ಕೊಂಡು ಬಂದ್ನಾ?"

ಗುಂಡಿಗೆ ನಗು ಬಂತು. ಆದರೆ ಇದು ನಗುವ ವಿಷಯವಲ್ಲ ಎಂದು ತುಟಿ ಕಚ್ಚಿಕೊಂಡಳು. ತನ್ನ ಹೆಬ್ಬೆರಳನ್ನು ಎತ್ತಿ, ಉಗುರಿನ ಬುಡಕ್ಕೆ ಇನ್ನೊಂದು ಬೆರಳು ಇಟ್ಟು ತೋರಿಸಿದಳು. "ನಮ್ಮಪ್ಪಂದು ಇಷ್ಟೇ. ದ್ರಾಕ್ಷಿ ಹಣ್ಣಿನಷ್ಟು. ಡಾಕ್ಟರ್ ನಮ್ಮಮ್ಮನ ಹತ್ರ ಹೇಳ್ತಿದ್ರು, ನಾನು ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡೆ."

ಹುಡುಗ ಅವಳ ಹೆಬ್ಬೆರಳನ್ನು ನೋಡಿದ. ಆಮೇಲೆ ತನ್ನ ಮುಷ್ಟಿಯನ್ನು ನೋಡಿಕೊಂಡ. ಮೆಲ್ಲಗೆ ಮುಷ್ಟಿ ಬಿಚ್ಚಿ, ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕೂತುಬಿಟ್ಟ.

ಪಾಪ ಎನ್ನಿಸಿತು ಗುಂಡಿಗೆ. ನಿಜ ಹೇಳಬೇಕೆಂದರೆ, ಪಾಪದ ಜೊತೆಗೆ ಒಂದು ಚೂರೇ ಚೂರು ಜಂಬವೂ ಬಂತು. ಪರೀಕ್ಷೆಯಲ್ಲಿ ಪಕ್ಕದವರಿಗಿಂತ ಎರಡು ಮಾರ್ಕ್ಸ್ ಜಾಸ್ತಿ ಬಂದಾಗ ಬರುತ್ತಲ್ಲ, ಅಂಥ ಜಂಬ.

"ದೊಡ್ಡ ರಿಪೇರಿ ಅಂದ್ರೆ ಸ್ವಲ್ಪ ಟೈಮ್ ಹಿಡಿಯುತ್ತೆ, ಅಷ್ಟೇ," ಎಂದು ಅವಳೇ ಸಮಾಧಾನ ಹೇಳಿದಳು. "ನಮ್ಮದು ನಿಂತಲ್ಲೇ ಬುಟ್ಟಿ. ನಿಮ್ಮದು ನಾಳೆ ಬುಟ್ಟಿ."

"ಯಾವ ಬುಟ್ಟಿ?"

ರಿಪೇರಿಯ ವಿಷಯ ಗುಂಡಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅವಳ ಅಪ್ಪ ದರ್ಜಿ. ಹೊಸ ಬಟ್ಟೆ ಹೊಲಿಯುವ ದರ್ಜಿಯಲ್ಲ, ಹಳೆಯದನ್ನು ಸರಿ ಮಾಡುವ ದರ್ಜಿ. ಮೊಳೆ ತಾಗಿ ಹರಿದ ಅಂಗಿ, ಜಿಪ್ ಕಿತ್ತುಹೋದ ಪ್ಯಾಂಟು, ಇಲಿ ಕಚ್ಚಿದ ಕೋಟು, ಏನೇ ಬರಲಿ, ಅಪ್ಪನ ಕೈಗೆ ಸಿಕ್ಕರೆ ಹರಕು ಎಲ್ಲಿತ್ತು ಎಂದು ಹುಡುಕಬೇಕು. ಗುಂಡಿ ಎಂಬ ಹೆಸರು ಹುಟ್ಟಿದ್ದೂ ಆ ಅಂಗಡಿಯಲ್ಲೇ. ಅಂಬೆಗಾಲಿಡುವ ಮಗುವಾಗಿದ್ದಾಗ ನೆಲದ ಮೇಲೆ ಬಿದ್ದಿದ್ದ ಅಂಗಿ ಗುಂಡಿಯೊಂದನ್ನು ಗುಳುಂ ಮಾಡಿದ್ದಳಂತೆ. ಮಾರನೆಯ ದಿನ ಗುಂಡಿಯೇನೋ ಹೊರಗೆ ಬಂತು, ಹೆಸರು ಮಾತ್ರ ಅವಳನ್ನು ಬಿಟ್ಟು ಹೋಗಲಿಲ್ಲ.

ಅಂಗಡಿಯಲ್ಲಿ ಎರಡು ಬುಟ್ಟಿಗಳಿದ್ದವು. ಗಿರಾಕಿ ನಿಂತಿರುವಾಗಲೇ ಮಾಡಿಕೊಡುವ ಸಣ್ಣ ಕೆಲಸಕ್ಕೆ ಒಂದು, ನಾಳೆ ಬನ್ನಿ ಎನ್ನುವ ದೊಡ್ಡ ಕೆಲಸಕ್ಕೆ ಇನ್ನೊಂದು. ಶಾಲೆ ಮುಗಿಸಿ ಬಂದ ಮೇಲೆ ಬಟ್ಟೆಗಳನ್ನು ಬೇರೆ ಮಾಡುವುದು ಗುಂಡಿಯ ಕೆಲಸ. ಅವಳ ಲೆಕ್ಕ ಸುಲಭ. ಹರಕಿನ ಮೇಲೆ ಬೆರಳು ಇಡುವುದು. ಬೆರಳಿಗಿಂತ ಚಿಕ್ಕದಾದರೆ ನಿಂತಲ್ಲೇ, ದೊಡ್ಡದಾದರೆ ನಾಳೆ.

ಅಪ್ಪ ಆಮೇಲೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೆಲವನ್ನು ಹೊಲಿಯದೆ ಹಾಗೆಯೇ ವಾಪಸ್ ಕೊಡುತ್ತಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಗಿರಾಕಿಗಳ ಮುಂದೆ ಅಪ್ಪ ಸ್ವಲ್ಪ ಗತ್ತು ತೋರಿಸುತ್ತಾನೆ ಎಂದುಕೊಂಡಿದ್ದಳು.

ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಕನ್ನಡಕದ ಹುಡುಗ ಸ್ವಲ್ಪ ಯೋಚಿಸಿದ. "ನಿಮ್ಮಪ್ಪ ಲಿವರ್ ಕೂಡ ಹೊಲೀತಾರಾ?"

"ಅಯ್ಯೋ ದಡ್ಡ, ಲೆಕ್ಕ ಹೇಳಿದ್ದು ಕಣೋ."

ಅಷ್ಟರಲ್ಲಿ ಡಾಕ್ಟರ ಬಾಗಿಲು ತೆರೆಯಿತು. ಅಪ್ಪ, ಅಮ್ಮ ಹೊರಗೆ ಬಂದರು. ಅಪ್ಪನ ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಕೈಗಳು ಕಡ್ಡಿಯಂತೆ ಆಗಿದ್ದವು. ಆದರೆ ಹೊಟ್ಟೆ ಮಾತ್ರ ದಪ್ಪವಾಗುತ್ತಿತ್ತು. ಹೋದ ವಾರ ಅಪ್ಪ ತನ್ನ ಪ್ಯಾಂಟಿನ ಸೊಂಟವನ್ನು ತಾನೇ ಬಿಚ್ಚಿ ಅಗಲ ಮಾಡಿಕೊಂಡಿದ್ದ. ಅದನ್ನು ನೋಡಿ ಗುಂಡಿಗೆ ಖುಷಿಯಾಗಿತ್ತು. ಅಪ್ಪ ಮೈ ಕೈ ತುಂಬಿಕೊಳ್ಳುತ್ತಿದ್ದಾನೆ, ಹೊಟ್ಟೆಯಿಂದ ಶುರುವಾಗಿದೆ ಎಂದುಕೊಂಡಿದ್ದಳು.

"ಡಾಕ್ಟರ್ ಏನಂದ್ರು?"

"ಏನಿಲ್ಲ, ನಡಿ," ಎಂದಳು ಅಮ್ಮ.

ಈಚೆಗೆ ಮನೆಯಲ್ಲಿ ಎಲ್ಲದಕ್ಕೂ ಅದೇ ಉತ್ತರ. ಗುಂಡಿ ಕೋಣೆಗೆ ಕಾಲಿಟ್ಟರೆ ಸಾಕು, ಅಮ್ಮ ಫೋನಿನಲ್ಲಿ ಮಾತನಾಡುತ್ತಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಚಿಕ್ಕಪ್ಪ ಬಂದರೆ, "ಗುಂಡೀ, ಹೋಗಿ ಒಂದು ಲೋಟ ನೀರು ತಗೊಂಡು ಬಾ," ಎನ್ನುತ್ತಿದ್ದ. ಅವಳು ನೀರು ತರುವುದರೊಳಗೆ ಮುಖ್ಯವಾದ ಮಾತೆಲ್ಲ ಮುಗಿದಿರುತ್ತಿತ್ತು. ಬಾಯಾರಿಕೆಯೇ ಇಲ್ಲದ ಚಿಕ್ಕಪ್ಪ ಆ ನೀರನ್ನು ಒಂದು ಗುಟುಕು ಕುಡಿದು ಇಡುತ್ತಿದ್ದ.

ಶಾಲೆಯ ಕತೆ ಇನ್ನೂ ಬೇರೆ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ, ಒಂದೇ ರಬ್ಬರನ್ನು ಅರ್ಧ ಮಾಡಿ ಹಂಚಿಕೊಂಡಿದ್ದ ಗೆಳತಿ ಒಂದು ಬೆಳಗ್ಗೆ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿಬಿಟ್ಟಳು.

"ಯಾಕೆ?" ಎಂದು ಗುಂಡಿ ಕೇಳಿದಳು.

"ನಿಮ್ಮಪ್ಪಂಗೆ ಕ್ಯಾನ್ಸರ್ ಅಂತಲ್ಲ. ಅದು ಅಂಟುತ್ತೆ, ಸ್ವಲ್ಪ ದೂರ ಕೂತ್ಕೋ ಅಂತ ನಮ್ಮಮ್ಮ ಹೇಳಿದ್ರು."

"ಅಂಟಲ್ಲ."

"ನಿನಗೇನು ಗೊತ್ತು? ನೀನೇನು ಡಾಕ್ಟರಾ?"

ಗುಂಡಿಗೆ ನಿಜವಾಗಲೂ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೆ ತಾನೇ ಗೊತ್ತಾಗುವುದು? ಅವತ್ತಿನಿಂದ ಊಟದ ಬಿಡುವಿನಲ್ಲಿ ಅವಳು ಮೈದಾನದ ನಲ್ಲಿಯ ಹತ್ತಿರ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡಿಕೊಂಡು ಬರುತ್ತಿದ್ದಳು. ಸಂಜೆ ಅಂಗಡಿಗೆ ಬಂದರೆ ಅಪ್ಪ ಒಳಗಿನ ಮಂಚದ ಮೇಲೆ ಮಲಗಿರುತ್ತಿದ್ದ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ ಬರುವಾಗ ಕತ್ತಲಾಗುತ್ತಿತ್ತು. ಇಡೀ ದಿನ ಅವಳು ಆಡಿದ ಮಾತುಗಳನ್ನು ಎಣಿಸಿದರೆ ಒಂದು ಪುಟವೂ ತುಂಬುತ್ತಿರಲಿಲ್ಲ.

ಬಾಯ್ತುಂಬ ಮಾತನಾಡಲು ಉಳಿದಿದ್ದು ಒಂದೇ ಜಾಗ, ಆಸ್ಪತ್ರೆಯ ಬೆಂಚು. ಆಸ್ಪತ್ರೆಗೆ ಹೋಗುವ ದಿನಕ್ಕಾಗಿ ಯಾರಾದರೂ ಕಾಯುತ್ತಾರೆಯೇ? ಗುಂಡಿ ಕಾಯುತ್ತಿದ್ದಳು. ಕನ್ನಡಕದ ಹುಡುಗ ದೂರ ಸರಿದು ಕೂರುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ಅವನು ಓಡಿಬಂದ. "ನಮ್ಮತ್ತೆಗೆ ಆಪರೇಷನ್ ಅಂತೆ. ಲಿವರನ್ನ ಅರ್ಧ ಕತ್ತರಿಸಿ ತೆಗೀತಾರಂತೆ."

"ಅರ್ಧಾನಾ? ಆಮೇಲೆ?"

"ಆಮೇಲೆ ಅದು ಮತ್ತೆ ಬೆಳೆಯುತ್ತಂತೆ. ಹಲ್ಲಿ ಬಾಲದ ಥರ."

"ಸುಳ್ಳು ಹೇಳಬೇಡ."

"ಡಾಕ್ಟರೇ ಹೇಳಿದ್ದು. ಹಲ್ಲಿ ಬಾಲ ಅಂದಿದ್ದು ಮಾತ್ರ ನಾನು." ಅವನು ಕನ್ನಡಕ ಮೇಲೇರಿಸಿಕೊಂಡ. "ಉಳಿದ ಲಿವರ್ ಚೆನ್ನಾಗಿದೆ, ಅದಕ್ಕೆ ಕತ್ತರಿಸಬಹುದು ಅಂದ್ರು. ನಿಮಗೆ ಯಾವಾಗ ಆಪರೇಷನ್?"

"ನಮಗೆ ಬೇಡ್ವಂತೆ. ಸಣ್ಣದಲ್ವಾ," ಎಂದು ಗುಂಡಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಗುಂಡಿ ಅಮ್ಮನ ಕಿವಿಯ ಹತ್ತಿರ ಬಗ್ಗಿದಳು. "ಅಮ್ಮ, ಅಪ್ಪಂಗೆ ಯಾಕೆ ಆಪರೇಷನ್ ಮಾಡಲ್ಲ? ಸಣ್ಣದು ಅಂತಾನಾ?"

ಅಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕೊನೆಗೆ "ಹೂಂ" ಎಂದಳು. ಆ "ಹೂಂ" ಗುಂಡಿಗೆ ಯಾಕೋ ಸರಿಬರಲಿಲ್ಲ, ಆದರೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಸಣ್ಣದು, ಹಾಗಾಗಿ ಬೇಗ ಮುಗಿಯುತ್ತೆ. ಅಂಗಡಿಯ ಲೆಕ್ಕವೂ ಅದನ್ನೇ ಹೇಳುತ್ತಿತ್ತಲ್ಲ.

ಆ ಶನಿವಾರ ಮಧ್ಯಾಹ್ನ ಅಂಗಡಿಗೆ ಬೇಕರಿ ಅಕ್ಕ ಬಂದಳು. ಬೀದಿಯ ಮೂಲೆಯಲ್ಲಿ ಬ್ರೆಡ್ಡು ಮಾರುವ ಅವಳು ಬಂದರೆ ಅವಳಿಗಿಂತ ಮುಂಚೆ ಅವಳ ಧ್ವನಿ ಬರುತ್ತಿತ್ತು. ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಒಂದು ಹಳೆಯ ಹತ್ತಿ ಹೊದಿಕೆ.

"ಅಪ್ಪ ಎಲ್ಲಿ ಗುಂಡೀ?"

"ಮಲಗಿದ್ದಾನೆ ಅಕ್ಕ. ಏನು ಕೆಲಸ?"

"ನೋಡು, ಈ ಹೊದಿಕೆಯಲ್ಲಿ ಒಂದು ತೂತು. ನನ್ನ ದೊಡ್ಡ ಮಗ ಇದರಲ್ಲೇ ಮಲಗಿ ಬೆಳೆದ, ಮಗಳು ಇದರಲ್ಲೇ ಬೆಳೆದಳು, ಈಗ ಈ ಪುಣ್ಯಾತ್ಮನ ಸರದಿ. ಇದು ಮೈಮೇಲೆ ಇಲ್ಲ ಅಂದ್ರೆ ಬೀದಿಗೆ ಬೀದಿಯನ್ನೇ ಎಬ್ಬಿಸ್ತಾನೆ. ಸಂಜೆ ಒಳಗೆ ಬೇಕೇ ಬೇಕು."

ಗುಂಡಿ ತೂತಿನ ಮೇಲೆ ಬೆರಳು ಇಟ್ಟಳು. ಬೆರಳ ತುದಿಯಷ್ಟೂ ಇರಲಿಲ್ಲ. "ಇದು ಸಣ್ಣ ರಿಪೇರಿ ಅಕ್ಕ. ಸಂಜೆಗೆ ಬಾ, ಆಗಿರುತ್ತೆ."

ಅಪ್ಪನನ್ನು ಎಬ್ಬಿಸುವುದು ಬೇಡ, ತಾನೇ ಮಾಡಿ ಮುಗಿಸಿದರೆ ಅಪ್ಪನಿಗೆ ಎಷ್ಟು ಖುಷಿಯಾಗುತ್ತದೆ ಎಂಬುದು ಅವಳ ಲೆಕ್ಕ. ಹೊಲಿಗೆ ಯಂತ್ರ ಮುಟ್ಟುವ ಹಾಗಿರಲಿಲ್ಲ. ಕೈಸೂಜಿ ಹಿಡಿಯಲು ಅಪ್ಪನೇ ಕಲಿಸಿದ್ದ. ಬಣ್ಣ ಹೊಂದುವ ದಾರ ಆರಿಸಿದಳು, ನಾಲಿಗೆ ಹೊರಗೆ ಚಾಚಿಕೊಂಡು ಸೂಜಿಗೆ ಪೋಣಿಸಿದಳು. ತೂತಿನ ಈ ಅಂಚಿನಿಂದ ಆ ಅಂಚಿಗೆ ನಾಲ್ಕು ಹೊಲಿಗೆ ಹಾಕಿ ದಾರ ಎಳೆದಳು.

ದಾರ ಬಂತು, ದಾರದ ಜೊತೆಗೆ ಬಟ್ಟೆಯ ಅಂಚೂ ಬಂತು. ತೂತು ಮೊದಲಿಗಿಂತ ದೊಡ್ಡದಾಯಿತು.

ಅಂಚಿಗೆ ತೀರಾ ಹತ್ತಿರ ಹೊಲಿದೆನೇನೋ ಎಂದುಕೊಂಡು ಈ ಸಲ ಸ್ವಲ್ಪ ದೂರದಿಂದ ಸೂಜಿ ಚುಚ್ಚಿದಳು. ಮೆಲ್ಲಗೆ ಎಳೆದಳು. ಬಟ್ಟೆ ಸದ್ದೇ ಇಲ್ಲದೆ ಬಿಟ್ಟುಕೊಂಡಿತು. ಇನ್ನೂ ದೂರದಿಂದ ಹೊಲಿದಳು, ಅಲ್ಲಿಯೂ ಅದೇ ಹಾಡು. ಸೂಜಿ ಹೋದ ಕಡೆಯೆಲ್ಲ ಹೊಸ ತೂತು. ಬೆರಳ ತುದಿಯಷ್ಟಿದ್ದದ್ದು ಈಗ ಅಂಗೈ ತೂರಿಸುವಷ್ಟಾಗಿತ್ತು. ಗುಂಡಿ ಹೊದಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸದ್ದಾಗದಂತೆ ಅಳತೊಡಗಿದಳು.

ಸದ್ದಾಗದಂತೆ ಎಂದು ಅವಳು ಅಂದುಕೊಂಡಿದ್ದು. ಒಳಗಿನಿಂದ ಅಪ್ಪ ಗೋಡೆ ಹಿಡಿದುಕೊಂಡು ಬಂದ.

"ಏನಾಯ್ತು?"

"ಸಣ್ಣ ತೂತಿತ್ತು ಅಪ್ಪ. ಬೇಕರಿ ಅಕ್ಕಂದು. ನಾನು ಹೊಲಿದಷ್ಟೂ ದೊಡ್ಡದಾಯ್ತು."

ಅಪ್ಪ ಬೈಯಲಿಲ್ಲ. ಅವಳ ಪಕ್ಕ ಕೂತು ಉಸಿರು ಸರಿ ಮಾಡಿಕೊಂಡ. ಹೊದಿಕೆಯನ್ನು ಬಿಚ್ಚಿ ಬಾಗಿಲಿನ ಬೆಳಕಿಗೆ ಹಿಡಿದ.

"ಏನು ಕಾಣುತ್ತೆ ಹೇಳು."

"ತೂತು."

"ತೂತು ಬಿಡು. ಅದರ ಸುತ್ತ ನೋಡು."

ಗುಂಡಿ ಕಣ್ಣೊರೆಸಿಕೊಂಡು ನೋಡಿದಳು. ಬಟ್ಟೆಯ ಆ ಕಡೆ ಬೀದಿ ಮಸುಕಾಗಿ ಕಾಣುತ್ತಿತ್ತು. "ಎದುರುಗಡೆ ನಿಲ್ಲಿಸಿರೋ ಸೈಕಲ್ ಕಾಣ್ತಿದೆ."

"ತೂತಿಲ್ಲದ ಕಡೆಯಲ್ಲೇ ಸೈಕಲ್ ಕಾಣ್ತಿದೆ ಅಂದ್ರೆ ಏನು? ಬಟ್ಟೆಯೇ ಸೋತುಹೋಗಿದೆ ಅಂತ. ದಾರ ಹಿಡ್ಕೊಳ್ಳೋದು ತೂತನ್ನಲ್ಲ ಕಣೇ, ಸುತ್ತ ಇರೋ ಬಟ್ಟೆಯನ್ನ. ಅದಕ್ಕೇ ಶಕ್ತಿ ಇಲ್ಲ ಅಂದ್ರೆ ಪಾಪ ದಾರ ಏನು ಮಾಡೀತು? ಗಟ್ಟಿ ಬಟ್ಟೆ ಆದ್ರೆ ಮೊಳದುದ್ದ ಹರಿದಿದ್ರೂ ನಾನು ಹೊಲಿದು ಕೊಡ್ತೀನಿ. ಇಂಥದ್ದಕ್ಕೆ ಸೂಜಿ ಮುಟ್ಟಿಸೋಕೂ ಭಯ."

"ಅದಕ್ಕೇ ನೀನು ವಾಪಸ್ ಕೊಡ್ತಿದ್ದದ್ದಾ?"

"ಮತ್ತೆ? ಗಿರಾಕಿಗೆ ಗತ್ತು ತೋರಿಸೋಕೆ ಅಂದ್ಕೊಂಡ್ಯಾ?"

ಬೇರೆ ದಿನವಾಗಿದ್ದರೆ ಅವಳು ನಾಚಿಕೊಂಡು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಮೊಳದುದ್ದ ಹರಿದಿದ್ದರೂ ಗಟ್ಟಿ ಬಟ್ಟೆಯಾದರೆ ಆಗುತ್ತದೆ. ಮುಷ್ಟಿಯಷ್ಟು ದೊಡ್ಡದು, ಆದರೂ ಆಪರೇಷನ್ ಮಾಡುತ್ತಾರೆ. ಉಳಿದ ಲಿವರ್ ಚೆನ್ನಾಗಿದೆ ಎಂದು ಕನ್ನಡಕದ ಹುಡುಗ ಹೇಳಿದ್ದ. ಅವಳು ಅಪ್ಪನ ಮುಖ ನೋಡಿದಳು.

"ಅಪ್ಪ, ನಿನ್ನ ಲಿವರ್ ಕೂಡ ಹೀಗೇನಾ?"

ಅಪ್ಪನ ಕೈ ಹೊದಿಕೆಯ ಮೇಲೆ ಹಾಗೆಯೇ ನಿಂತಿತು. "ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ಯಾರೂ ನನಗೆ ಏನೂ ಹೇಳಲ್ಲ. ಅಮ್ಮ ಏನಿಲ್ಲ ಅಂತಾಳೆ, ಚಿಕ್ಕಪ್ಪ ನೀರು ತಗೊಂಡು ಬಾ ಅಂತಾನೆ. ಕ್ಲಾಸಲ್ಲಿ ಯಾರೂ ನನ್ನ ಪಕ್ಕ ಕೂರಲ್ಲ. ನಾನೊಬ್ಬಳೇ ಇದ್ದೀನಿ." ಇಷ್ಟು ದಿನ ಒಳಗೆ ತುಂಬಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

ಅಪ್ಪ ಹೊದಿಕೆಯನ್ನು ಮಡಿಲಿಗೆ ಇಳಿಸಿದ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡ.

"ಹೂಂ, ಹೀಗೇ. ನೀನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ನನ್ನ ಲಿವರಿಗೆ ಒಂದು ವೈರಸ್ ಸೇರ್ಕೊಂಡಿತ್ತಂತೆ. ನೋವಿಲ್ಲ, ಜ್ವರ ಇಲ್ಲ, ಕಳ್ಳನ ಥರ ಒಳಗೇ ಕೂತಿತ್ತು. ಲಿವರ್ ಗಾಯ ಆಗೋದು, ಮಾಯೋದು, ಮತ್ತೆ ಗಾಯ ಆಗೋದು. ಹಾಗೇ ಆಗಿ ಆಗಿ ಕಲೆ ಕಟ್ಟಿ ಕಲ್ಲಿನ ಥರ ಆಗಿಬಿಟ್ಟಿದೆ. ಮೊದಲೇ ಗೊತ್ತಾಗಿದ್ರೆ ಮಾತ್ರೆ ತಗೊಂಡು ತಡೀಬಹುದಿತ್ತು. ಗೊತ್ತೇ ಆಗಲಿಲ್ಲ. ಗಡ್ಡೆ ಬಂದಿದ್ದು ಆಮೇಲೆ."

"ಗಡ್ಡೆ ಸಣ್ಣದೇ ತಾನೇ?"

"ಸಣ್ಣದೇ. ಆದ್ರೆ ಅದನ್ನ ಕತ್ತರಿಸಿ ತೆಗೆದ್ರೆ ಉಳಿದದ್ದು ತಡ್ಕೊಳ್ಳಲ್ಲ. ಸೂಜಿ ಚುಚ್ಚಿ ಗಡ್ಡೆಯನ್ನ ಒಳಗೇ ಸುಡೋಕೂ ಆಗಲ್ಲ ಅಂದ್ರು. ಇರೋ ಲಿವರ್ ಈಗಲೇ ಏದುಸಿರು ಬಿಡ್ತಿದೆ. ನನ್ನ ಹೊಟ್ಟೆ ದಪ್ಪ ಆಗಿದೆಯಲ್ಲ, ಅದು ನೀರು ತುಂಬಿಕೊಂಡಿರೋದು."

ಗುಂಡಿ ಅಪ್ಪನ ಪ್ಯಾಂಟಿನ ಸೊಂಟ ನೋಡಿದಳು. ಅವಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಆ ಹೊಟ್ಟೆ ನೋಡಿ ಖುಷಿಪಟ್ಟಿದ್ದಳಲ್ಲ.

"ಅದು ನಮಗೂ ಅಂಟುತ್ತಾ?"

"ಪಕ್ಕ ಕೂತ್ರೆ, ಜೊತೆಗೆ ಊಟ ಮಾಡಿದ್ರೆ ಏನೂ ಅಂಟಲ್ಲ. ನಿನಗೆ ಹುಟ್ಟಿದಾಗಲೇ ಎಲ್ಲ ಮಕ್ಕಳ ಥರ ಆ ವೈರಸ್ಸಿನ ಲಸಿಕೆ ಹಾಕಿಸಿದ್ದೀವಿ. ಮೊನ್ನೆ ನಿನ್ನ ರಕ್ತ ನೋಡಿ ಡಾಕ್ಟರು ಎಲ್ಲ ಸರಿಯಾಗಿದೆ ಅಂದ್ರು."

"ಬೇರೆ ಲಿವರ್ ಹಾಕೋಕಾಗಲ್ವಾ?"

"ಅದೊಂದೇ ದಾರಿ ಇರೋದು. ಅಮ್ಮಂದು ಹೊಂದಲಿಲ್ಲ, ಚಿಕ್ಕಪ್ಪಂದೂ ಹೊಂದಲಿಲ್ಲ. ಬೇರೆ ಯಾರದ್ದಾದ್ರೂ ಸಿಗಬೇಕು. ಹೆಸರು ಕೊಟ್ಟಿದ್ದೀವಿ. ನಮಗಿಂತ ಮುಂದೆ ತುಂಬ ಜನ ಕಾಯ್ತಿದ್ದಾರೆ."

"ನಂದು ತಗೋ."

ಅಪ್ಪ ಅವಳ ತಲೆ ನೇವರಿಸಿದ. "ಮಕ್ಕಳದ್ದು ತಗೊಳ್ಳಲ್ಲಮ್ಮ. ನಿನ್ನದು ನಿನ್ನ ಹತ್ರಾನೇ ಇರಲಿ. ಗುಂಡಿ ನುಂಗಿ ಅರಗಿಸಿಕೊಳ್ಳೋಕೆ ಹೊರಟವಳು ನೀನು, ನಿನಗೆ ಬೇಕಾಗುತ್ತೆ."

ಅವಳು ಅಳುತ್ತಲೇ ನಕ್ಕಳು. ನಕ್ಕು ಮತ್ತೆ ಅತ್ತಳು. "ಬೇರೆ ಸಿಗೋವರೆಗೆ ಇದು ತಡ್ಕೊಳ್ಳುತ್ತಾ ಅಪ್ಪ?"

ಅಪ್ಪ ಹೊರಗೆ ನೋಡಿದ. ಏನಿಲ್ಲ ಎನ್ನುತ್ತಾನೇನೋ ಎಂದುಕೊಂಡಳು ಗುಂಡಿ. ಅವನು ಹಾಗೆ ಹೇಳಲಿಲ್ಲ.

"ಗೊತ್ತಿಲ್ಲ ಕಣೇ. ಮಾತ್ರೆ ತಗೋತೀನಿ, ಉಪ್ಪು ಕಮ್ಮಿ ಮಾಡಿದ್ದೀನಿ, ಮಲಗು ಅಂದಾಗ ಮಲಗ್ತೀನಿ. ತಡ್ಕೊಳ್ಳಲಿ ಅಂತ ನನಗೂ ಆಸೆ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ."

ಅದು ಕೇಳಲು ಚೆನ್ನಾಗಿರಲಿಲ್ಲ. ತುಂಬ ಭಯವಾಯಿತು. ಆದರೂ ಎಷ್ಟೋ ದಿನಗಳ ಮೇಲೆ ಯಾರೋ ತನ್ನ ಪಕ್ಕಕ್ಕೆ ಬಂದು ಕೂತಂತೆ ಅನ್ನಿಸಿತು ಗುಂಡಿಗೆ. ಇಬ್ಬರೂ ಆ ಹೊದಿಕೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು.

ಸಂಜೆ ಬೇಕರಿ ಅಕ್ಕ ಬಂದಾಗ ಗುಂಡಿ ತಾನೇ ಎದ್ದು ನಿಂತು ಎಲ್ಲ ಹೇಳಿದಳು. ಬೇಕರಿ ಅಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಆಯ್ತಲ್ಲ ನನ್ನ ಕತೆ. ಇವತ್ತಿಂದ ನಾನು, ನನ್ನ ಗಂಡ, ಇಡೀ ಬೀದಿ ಜಾಗರಣೆ."

"ತಪ್ಪು ಅವಳದ್ದಲ್ಲ, ನಾನು ಹೇಳಿಕೊಟ್ಟಿರಲಿಲ್ಲ," ಎಂದ ಅಪ್ಪ. "ಇದನ್ನ ಹೊಲಿಯೋಕಾಗಲ್ಲಮ್ಮ. ಹಿಂದುಗಡೆ ಪೂರ್ತಿ ಒಂದು ಮೆತ್ತನೆ ಬಟ್ಟೆ ಕೊಟ್ಟು, ಸುತ್ತ ಅಂಚಿಗೆ ಮಾತ್ರ ಹಿಡಿಸಿ ಕೊಡ್ತೀನಿ. ರಿಪೇರಿ ಅಲ್ಲ, ಒಂದು ಆಸರೆ ಅಷ್ಟೇ."

"ಎಷ್ಟು ದಿನ ಬರುತ್ತೆ?"

"ಒಗೆದಾಗ ಹಿಂಡಬೇಡಿ. ನೆರಳಲ್ಲಿ ಒಣಗಿಸಿ. ನೋಡಿಕೊಂಡು ಬಳಸಿದಷ್ಟು ದಿನ ಬರುತ್ತೆ."

ಗುಂಡಿ ತಲೆ ತಗ್ಗಿಸಿ ದಾರದ ಉಂಡೆಯನ್ನು ಸುತ್ತುತ್ತಾ ಕೂತಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

ಅದಾದ ಮೇಲೆ ಕೆಲವು ವಾರ ಕನ್ನಡಕದ ಹುಡುಗ ಆಸ್ಪತ್ರೆಯಲ್ಲಿ ಕಾಣಲಿಲ್ಲ. ಬೆಂಚಿನ ಮೇಲೆ ಬೇರೆ ಬೇರೆ ಜನ ಬಂದು ಕೂತು ಹೋದರು, ಮಕ್ಕಳು ಯಾರೂ ಇರಲಿಲ್ಲ. ಅಪ್ಪನಿಗೆ ಈಗ ಬಸ್ಸು ಹತ್ತಲು ಅಮ್ಮನ ಕೈ ಬೇಕಾಗುತ್ತಿತ್ತು. ಹೊಸ ಲಿವರಿನ ಸುದ್ದಿ ಬಂದಿರಲಿಲ್ಲ. ಫೋನು ಹೊ‌ಡೆದುಕೊಂಡರೆ ಮನೆಯಲ್ಲಿ ಮೂವರೂ ಒಟ್ಟಿಗೆ ತಿರುಗಿ ನೋಡುತ್ತಿದ್ದರು.

ಒಂದು ಬೆಳಗ್ಗೆ ಅಮ್ಮ ಔಷಧಿಯ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಅಪ್ಪ ಬೆಂಚಿನ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಆಗ ಹಜಾರದ ಆ ತುದಿಯಿಂದ ಗುಂಡಿಗೆ ಗುರುತಿನ ಕನ್ನಡಕ ಕಾಣಿಸಿತು. ಅವನ ಪಕ್ಕದಲ್ಲಿ ಅತ್ತೆ ನಿಧಾನವಾಗಿ, ಆದರೆ ಯಾರ ಕೈಯನ್ನೂ ಹಿಡಿಯದೆ ನಡೆದು ಬರುತ್ತಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು. ಯಾರದೋ ಮಾತಿಗೆ ನಗುತ್ತಿದ್ದರು.

ಗುಂಡಿಗೆ ಹೊಟ್ಟೆಕಿಚ್ಚು ಬಂತು. ಸಣ್ಣಪುಟ್ಟ ಹೊಟ್ಟೆಕಿಚ್ಚಲ್ಲ. ಅವರ ನಗು ನೋಡಲಾಗದೆ ತಲೆ ತಗ್ಗಿಸಿ ಚಪ್ಪಲಿ ನೋಡಿದಳು. ಹುಡುಗ ಓಡಿಬಂದು ಪಕ್ಕದಲ್ಲಿ ಕೂತ.

"ನೋಡಿದ್ಯಾ ನಮ್ಮತ್ತೇನ? ಲಿವರ್ ಬೆಳೀತಿದೆಯಂತೆ. ಇನ್ಮೇಲೆ ಯಾವಾಗಲೋ ಒಂದೊಂದು ಸಲ ತೋರಿಸಿಕೊಂಡು ಹೋದ್ರೆ ಸಾಕಂತೆ." ಅಷ್ಟರಲ್ಲಿ ಅವನಿಗೆ ಅಪ್ಪ ಕಾಣಿಸಿದ. ಹಳದಿ ಮುಖ, ಕಡ್ಡಿ ಕೈ, ತುಂಬಿದ ಹೊಟ್ಟೆ. ಅವನ ಧ್ವನಿ ಇಳಿಯಿತು. "ನಿಮ್ಮದು ಸಣ್ಣದಲ್ವಾ? ಇನ್ನೂ ಸರಿಹೋಗಿಲ್ವಾ?"

ಅವನು ಅಣಕಿಸಲು ಕೇಳಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು. ಸಣ್ಣದು, ಹಾಗಾಗಿ ಏನೂ ಬೇಡ್ವಂತೆ ಎಂದು ಮತ್ತೊಮ್ಮೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಗಡ್ಡೆ ಸಣ್ಣದೇ ಕಣೋ. ಆದ್ರೆ ನಮ್ಮಪ್ಪನ ಲಿವರ್ ಮೊದಲಿಂದಲೂ ಕೆಟ್ಟಿತ್ತು. ಅದಕ್ಕೆ ಕತ್ತರಿಸೋಕಾಗಲ್ಲ. ಬೇರೆ ಲಿವರ್ ಸಿಗೋವರೆಗೆ ಕಾಯಬೇಕು."

"ಸಿಗುತ್ತಾ?"

"ಗೊತ್ತಿಲ್ಲ."

ಹುಡುಗ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಹಾಕಿಕೊಂಡು ಮತ್ತೆ ತೆಗೆದ. ದೂರದಿಂದ ಅತ್ತೆ ಕರೆದರು.

"ಹೋಗು, ಕರೀತಿದ್ದಾರೆ," ಎಂದಳು ಗುಂಡಿ. ಅವನು ಎದ್ದು ಸ್ವಲ್ಪ ದೂರ ಹೋದ ಮೇಲೆ ಕೂಗಿದಳು. "ನಿಮ್ಮತ್ತೆಗೆ ಜೋರಾಗಿ ಓಡಾಡಬೇಡಿ ಅಂತ ಹೇಳು. ಹೊಲಿಗೆ ಹಸಿ ಇರುತ್ತೆ."

ಅವರು ಹೋದ ಮೇಲೆ ಹಜಾರ ಇನ್ನೂ ದೊಡ್ಡದಾದಂತೆ ಕಂಡಿತು. ಇನ್ನು ಮುಂದೆ ಈ ಬೆಂಚಿಗೆ ಅವನು ಬರುವುದು ಅಪರೂಪ. ಗುಂಡಿ ಸರಿದು ಅಪ್ಪನ ಪಕ್ಕಕ್ಕೆ ಒತ್ತಿ ಕೂತಳು. ನಿದ್ದೆಯಲ್ಲೇ ಅಪ್ಪನ ತಲೆ ಜಾರಿ ಅವಳ ಹೆಗಲ ಮೇಲೆ ಬಿತ್ತು. ಅವಳು ಅಲುಗಾಡಲಿಲ್ಲ. ಮೂಗಿನ ಮೇಲೆ ನೊಣ ಬಂದು ಕೂತರೂ ಕೈ ಎತ್ತಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಪ್ಪ ಕಣ್ಣು ಬಿಟ್ಟ. "ನಿನ್ನ ಮೇಲೇ ಮಲಗಿಬಿಟ್ನಾ? ಭಾರ ಆಯ್ತೇನೇ?"

"ಇಲ್ಲಪ್ಪ."

ಅದು ನಿಜವೇ ಆಗಿತ್ತು. ದೊಡ್ಡವರ ತಲೆ ಇಷ್ಟು ಹಗುರವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೆಗಲು ನೋಯುವಷ್ಟು ಭಾರವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

"ನಮ್ಮನ್ನ ಇನ್ನೂ ಕರೆದಿಲ್ಲ ಅಪ್ಪ," ಎಂದಳು. "ನೀನು ಮಲಗಿಕೋ. ನಾನು ಎದ್ದಿರ್ತೀನಿ."